ಎರಡು ಪಿನ್ನಿನ ತುಂಡು

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದವೆಂದರೆ ನನ್ನ ಕಂಪ್ಯೂಟರಿಗೂ ರಜೆ. ಯಕ್ಷಗಾನದ ವಿಡಿಯೊ ಎಡಿಟ್ ಮಾಡುವುದು ನನ್ನ ಕಸುಬು. ಮಲ್ಪೆಯಲ್ಲಿ ಮನೆ, ಕೋಣೆಯ ಕಿಟಕಿ ತೆರೆದರೆ ಕಡಲು. ಜೂನ್, ಜುಲೈ ಎರಡು ತಿಂಗಳು ಮಳೆಗಾಲದ ಮೀನುಗಾರಿಕೆ ರಜೆಯ ಟ್ರಾಲ್ ದೋಣಿಗಳಂತೆ ಕಂಪ್ಯೂಟರೂ ಸುಮ್ಮನೆ ಕುಳಿತಿತ್ತು. ಅಷ್ಟಮಿಗೆಂದು ಒಂದು ಕೆಲಸ ಒಪ್ಪಿಕೊಂಡು ಸ್ವಿಚ್ ಹಾಕಿದರೆ ಫ್ಯಾನುಗಳೆಲ್ಲ ತಿರುಗಿದವು, ಪರದೆ ಮಾತ್ರ ಕಪ್ಪು.

ಮಾನಿಟರಿನ ಕೇಬಲ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡನ್ನು ಕಳಚಿ, ಮಾನಿಟರನ್ನು ನೇರ ಮದರ್‌ಬೋರ್ಡಿಗೆ ಸಿಕ್ಕಿಸಿದೆ. ಚಿತ್ರ ಬಂತು. ನನ್ನದು ಐ5-10400 ಪ್ರೊಸೆಸರ್, ಅದರಲ್ಲೇ ಸಣ್ಣ ಗ್ರಾಫಿಕ್ಸ್ ಇದೆ; ಪ್ರೊಸೆಸರಿನ ಹೆಸರಿನ ಕೊನೆಗೆ ಎಫ್ ಇರುವವರಿಗೆ ಈ ಉಪಾಯ ನಡೆಯದು. ಅಲ್ಲಿಗೆ ರ‍್ಯಾಮ್, ಬೋರ್ಡ್, ಮಾನಿಟರ್ ಮೂರರ ಮೇಲಿನ ಸಂಶಯ ಹೋಯಿತು.

ಅಂಗಡಿಯವರಿಗೆ ಫೋನ್ ಮಾಡಿದೆ. “ಕಾರ್ಡ್ ಹೋಗಿದೆ ಮಾರಾಯ್ರೇ, ಹೊಸದು ಹಾಕಿ” ಎಂದರು, ನೋಡದೆಯೇ. ನನಗೆ ಒಪ್ಪಿಗೆಯಾಗಲಿಲ್ಲ. ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳು ಮಸುಕಾಗಿದ್ದವು. ಪೆನ್ಸಿಲ್ ರಬ್ಬರಿನಿಂದ ಮೆಲ್ಲನೆ ಉಜ್ಜಿ, ಅದು ಕೂರುವ ಸ್ಲಾಟಿಗೆ ಬ್ರಷ್ ಆಡಿಸಿ ಮತ್ತೆ ಕೂರಿಸಿದೆ. ಪರದೆ ಕಪ್ಪಾಗಿಯೇ ಉಳಿಯಿತು. ಮರುದಿನ ಕಾರ್ಡನ್ನು ಮಣಿಪಾಲದ ಗೆಳೆಯನ ಮನೆಗೆ ಒಯ್ದು ಅವನ ಕಂಪ್ಯೂಟರಿನಲ್ಲಿ ಹಾಕಿದರೆ ಮೊದಲ ಸಲಕ್ಕೇ ಚಿತ್ರ!

ಹಾಗಾದರೆ ಉಳಿದದ್ದು ಕರೆಂಟು. ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವಾಟ್. ನನ್ನ ಜಿಟಿಎಕ್ಸ್ 1660 ಸೂಪರ್ ಕಾರ್ಡಿಗೆ 125 ಬೇಕು. ಮಿಕ್ಕದ್ದು ಕಂಪ್ಯೂಟರಿನ ಭಾಗಗಳಿಗೆ ಕರೆಂಟು ಹಂಚುವ ಎಸ್‌ಎಂಪಿಎಸ್‌ನಿಂದ ಎಂಟು ಪಿನ್ನಿನ ಕೇಬಲಿನಲ್ಲಿ ಬರಬೇಕು. ಮಲ್ಟಿಮೀಟರ್ ಹಿಡಿದೆ, 12 ವೋಲ್ಟ್ ಬರಬೇಕಾದ ಮೂರೂ ಪಿನ್ನುಗಳಲ್ಲಿ ಅದು ಸರಿಯಾಗಿತ್ತು. ಇಲ್ಲೇ ನಾನು ಮೋಸ ಹೋದದ್ದು. ಇಡೀ ಸಂಜೆ ಬಯಾಸ್, ಡ್ರೈವರ್ ಎಂದು ಬೇಡದ ಕಡೆ ತಡಕಾಡಿದೆ.

ರಾತ್ರಿ ಮೊಬೈಲಿನ ಟಾರ್ಚ್ ಹಿಡಿದು ಕೇಬಲಿನ ತುದಿಯನ್ನು ಕಣ್ಣಿನ ಹತ್ತಿರ ತಂದೆ. ಅದು ಆರು ಪಿನ್ನಿನದೊಂದು, ಎರಡು ಪಿನ್ನಿನದೊಂದು, ಹೀಗೆ ಎರಡು ತುಂಡು ಸೇರಿ ಎಂಟಾಗುವ ಪ್ಲಗ್. ಎರಡರ ತುಂಡಿನ ಒಂದು ತೂತಿನೊಳಗೆ ಕಿಲುಬು, ಹಳೆಯ ಹಿತ್ತಾಳೆ ಚೊಂಬಿನ ಅಡಿಯಲ್ಲಿ ಕಟ್ಟುವಂಥದ್ದೇ ಹಸಿರು. ಈ ತುಂಡಿನಲ್ಲಿ 12 ವೋಲ್ಟ್ ಬರುವುದೇ ಇಲ್ಲ. ಒಂದು ಗ್ರೌಂಡ್, ಅಂದರೆ ಕರೆಂಟು ಮರಳುವ ದಾರಿ, ಇನ್ನೊಂದು ‘ಸೆನ್ಸ್’. ಸೆನ್ಸ್ ಪಿನ್ ಗ್ರೌಂಡಿಗೆ ಮುಟ್ಟಿದರೆ ಮಾತ್ರ ಎಂಟು ಪಿನ್ನಿನ ಕೇಬಲ್ ಬಂದಿದೆಯೆಂದು ಕಾರ್ಡಿಗೆ ಗೊತ್ತಾಗುವುದು. ಬಾಗಿಲಿಗೆ ನೆಂಟರು ಬಂದಿದ್ದಾರೆ, ಕರೆಗಂಟೆ ಕೆಟ್ಟಿದೆ, ಅಷ್ಟೇ. ನಾನೋ 12 ವೋಲ್ಟಿನ ಪಿನ್ನುಗಳನ್ನಷ್ಟೇ ಅಳೆದು ಕೈ ತೊಳೆದುಕೊಂಡಿದ್ದೆ.

ಎಸ್‌ಎಂಪಿಎಸ್‌ನ ಪೆಟ್ಟಿಗೆಯಲ್ಲಿ ಅದೇ ಬಗೆಯ ಇನ್ನೊಂದು ಕೇಬಲ್ ಬಿಚ್ಚದೆ ಉಳಿದಿತ್ತು. ಇದು ಮುಖ್ಯ: ಬೇರೆ ಕಂಪನಿಯ ಕೇಬಲ್ ಹಾಕಲು ಹೋಗಬೇಡಿ. ಪ್ಲಗ್ ಸರಿಯಾಗಿ ಕೂತರೂ ಎಸ್‌ಎಂಪಿಎಸ್ ಬದಿಯ ವೈರುಗಳ ಕ್ರಮ ಬೇರೆಯಿರಬಹುದು, ಆಗ ಕಾರ್ಡ್ ನಿಜವಾಗಿಯೇ ಸುಡುತ್ತದೆ. ಕಾರ್ಡಿನ ಸಾಕೆಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬ್ರಷ್ಷಿನಿಂದ ಒರೆಸಿ, ಚೆನ್ನಾಗಿ ಆರಿದ ಮೇಲೆ ಹೊಸ ಕೇಬಲ್ ಒತ್ತಿದೆ. ಟಕ್ ಎಂದಿತು. ಪರದೆ ಬೆಳಗಿತು.

“ಹಪ್ಪಳವನ್ನೇ ಮಳೆಗಾಲದಲ್ಲಿ ಡಬ್ಬದಲ್ಲಿ ಇಡುತ್ತೇವೆ, ನೀನು ಇದನ್ನು ಕಿಟಕಿಯ ಬುಡದಲ್ಲಿ ಇಟ್ಟೆಯಲ್ಲ” ಎಂದರು ಅಮ್ಮ. ಮೇಜು ಈಗ ಒಳಗೋಡೆಗೆ ಸರಿದಿದೆ. ಕೆಲಸವಿರಲಿ ಬಿಡಲಿ, ದಿನಕ್ಕೆ ಅರ್ಧ ಗಂಟೆ ಕಂಪ್ಯೂಟರನ್ನು ಚಾಲೂ ಮಾಡಿ, ತೇವ ಆರಲೆಂದು ಬಿಸಿಯಾಗಲು ಬಿಡುತ್ತೇನೆ.