ಯಾರೂ ಫೋನ್ ಎತ್ತದಿದ್ದರೆ ಮಾತು ಎಲ್ಲಿ ಉಳಿಯಬೇಕು?

ಹಳೆಯ ಲ್ಯಾಂಡ್‌ಲೈನ್ ತೆಗೆಸಿ ಮನೆಗೆ ಇಂಟರ್ನೆಟ್ ಫೋನ್ ಹಾಕಿಸಿದಾಗ ಒಂದು ವಿಷಯ ತೀರ್ಮಾನವಾಗಬೇಕಿತ್ತು. ನಮ್ಮ ಆನ್ಸರಿಂಗ್ ಮೆಷಿನ್ ಇಟ್ಟುಕೊಳ್ಳುವುದೋ, ಫೋನ್ ಕಂಪನಿ ಜೊತೆಗೇ ಕೊಡುವ ವಾಯ್ಸ್‌ಮೇಲ್ ಬಳಸುವುದೋ? ಮೇಲ್ನೋಟಕ್ಕೆ ಎರಡರ ಕೆಲಸವೂ ಒಂದೇ. ಯಾರೂ ಎತ್ತದಿದ್ದಾಗ ಕರೆ ಮಾಡಿದವರ ಮಾತು ಹಿಡಿದಿಡುವುದು. ಆದರೆ ಆ ಮಾತು ಉಳಿಯುವ ಜಾಗ ಬೇರೆ. ಮೆಷಿನ್ ಆದರೆ ಮನೆಯ ಮೇಜಿನ ಮೇಲೆ. ವಾಯ್ಸ್‌ಮೇಲ್ ಆದರೆ ಕಂಪನಿಯ ಸರ್ವರ್‌ನಲ್ಲಿ. ಮಿಕ್ಕ ವ್ಯತ್ಯಾಸಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ನನ್ನ ಮನಸ್ಸು ಮೊದಲು ವಾಯ್ಸ್‌ಮೇಲ್ ಕಡೆಗೇ ಇತ್ತು. ಕಾರಣ ಕರೆಂಟ್. ಇಂಟರ್ನೆಟ್ ಫೋನ್ ನಡೆಯಬೇಕಾದರೆ ಮೋಡೆಮ್, ರೌಟರ್, ಹಳೆಯ ಫೋನನ್ನು ಇಂಟರ್ನೆಟ್‌ಗೆ ಸೇರಿಸುವ ಅಡಾಪ್ಟರ್, ಈ ಮೂರಕ್ಕೂ ಕರೆಂಟ್ ಇರಬೇಕು. ಒಂದು ಆರಿದರೂ ಮನೆಯ ಫೋನ್ ರಿಂಗ್ ಆಗುವುದಿಲ್ಲ. ರಿಂಗ್ ಆಗದ ಕರೆಯನ್ನು ಮೆಷಿನ್ ಎತ್ತುವುದಾದರೂ ಹೇಗೆ? ವಾಯ್ಸ್‌ಮೇಲ್‌ಗೆ ಈ ತೊಂದರೆ ಇಲ್ಲ. ನಿಮ್ಮ ಅಡಾಪ್ಟರ್ ಸಿಗುತ್ತಿಲ್ಲ ಎಂದು ಗೊತ್ತಾದರೆ ಸರ್ವರ್ ತಾನೇ ಕರೆ ತೆಗೆದುಕೊಂಡು ಮೆಸೇಜು ಬರೆದಿಟ್ಟುಕೊಳ್ಳುತ್ತದೆ. ನೀವು ಇನ್ನೊಬ್ಬರ ಜೊತೆ ಮಾತಾಡುತ್ತಿರುವಾಗ ಬಂದ ಎರಡನೇ ಕರೆಯನ್ನೂ ಅದು ಹಿಡಿಯುತ್ತದೆ. ಮೆಷಿನ್‌ನಿಂದ ಅದು ಆಗುವ ಮಾತಲ್ಲ.

ಇಷ್ಟರಲ್ಲೇ ಮುಗಿಯಿತು ಅಂದುಕೊಂಡಿದ್ದೆ. ಆದರೆ ಮನೆಯ ಫೋನ್‌ಗೆ ಬರುವ ಕರೆಗಳಲ್ಲಿ ಜಾಸ್ತಿ ಪಾಲು ನಮ್ಮ ಅತ್ತೆಯವರಿಗೆ. ಅವರ ಅಕ್ಕತಂಗಿಯರು, ಹಳೆಯ ಸ್ನೇಹಿತೆಯರು ಎಲ್ಲರ ಹತ್ತಿರ ಇರುವುದು ಆ ನಂಬರೇ. ವಾಯ್ಸ್‌ಮೇಲ್ ಬಗ್ಗೆ ಹೇಳಿದಾಗ ಅವರು ಒಂದೇ ಪ್ರಶ್ನೆ ಕೇಳಿದರು: "ಮೆಸೇಜು ಬಂದಿದೆ ಅಂತ ನನಗೆ ಹೇಗಮ್ಮ ಗೊತ್ತಾಗೋದು?"

ತುಂಬಾ ಸರಿಯಾದ ಪ್ರಶ್ನೆ. ಹೊಸ ಮೆಸೇಜು ಇದ್ದರೆ ವಾಯ್ಸ್‌ಮೇಲ್ ಅದನ್ನು ಡಯಲ್ ಟೋನ್‌ನಲ್ಲಿ ತಿಳಿಸುತ್ತದೆ. ಟೋನ್ ಒಂದೇ ಸಮನೆ ಬರುವ ಬದಲು ಮೊದಲು ಸ್ವಲ್ಪ ಹೊತ್ತು ತುಂಡು ತುಂಡಾಗಿ ಬರುತ್ತದೆ. ಅದು ಕೇಳಬೇಕಾದರೆ ರಿಸೀವರ್ ಎತ್ತಬೇಕು. ಕೆಲವು ಫೋನ್‌ಗಳಲ್ಲಿ ಇದಕ್ಕೇ ಒಂದು ದೀಪ ಇರುತ್ತದೆ, ಆದರೆ ಅಡಾಪ್ಟರ್, ಫೋನ್ ಎರಡೂ ಒಪ್ಪಿದರೆ ಮಾತ್ರ ಅದು ಉರಿಯುತ್ತದೆ. ನಮ್ಮ ಫೋನ್‌ನಲ್ಲಿ ಉರಿಯಲಿಲ್ಲ. ಮೆಸೇಜು ಕೇಳಲು ನಂಬರ್ ಒತ್ತಿ, ಪಿನ್ ಒತ್ತಿ, ಆಮೇಲೆ "ಇದಕ್ಕೆ ಒಂದು, ಅದಕ್ಕೆ ಎರಡು" ಎನ್ನುವ ದನಿ ಹೇಳಿದಂತೆ ಮಾಡಬೇಕು. ಮೆಷಿನ್ ಹಾಗಲ್ಲ. ದೀಪ ಮಿನುಗುತ್ತದೆ. ಗುಂಡಿ ಒತ್ತಿದರೆ ಮಾತು ಕೇಳುತ್ತದೆ. ಅಷ್ಟೇ.

ಮೆಷಿನ್‌ನ ಇನ್ನೊಂದು ಗುಣ ನನಗೂ ಇಷ್ಟ. ಕರೆ ಮಾಡಿದವರು ಮಾತಾಡುತ್ತಿರುವಾಗಲೇ ಅದು ಸ್ಪೀಕರ್‌ನಲ್ಲಿ ಮನೆಗೆಲ್ಲ ಕೇಳುತ್ತದೆ. ಬೇಕಾದವರ ದನಿ ಆದರೆ ಆಗಲೇ ಎತ್ತಿಕೊಳ್ಳಬಹುದು. ಏನೋ ಮಾರಲು ಬಂದ ಕರೆ ಆದರೆ ಸುಮ್ನೆ ಬಿಡಬಹುದು. ವಯಸ್ಸಾದವರು ಫೋನ್ ಹತ್ತಿರ ಬರುವುದು ನಿಧಾನ. ಅಷ್ಟರಲ್ಲಿ ಮೆಷಿನ್ ಎತ್ತಿದ್ದರೂ ಮಾತು ತಪ್ಪಿಹೋಗುವುದಿಲ್ಲ, ಮಧ್ಯದಲ್ಲೇ ಸೇರಿಕೊಳ್ಳಬಹುದು. ವಾಯ್ಸ್‌ಮೇಲ್‌ಗೆ ಹೋದ ಕರೆಯನ್ನು ಹೀಗೆ ವಾಪಸ್ ಎಳೆದುಕೊಳ್ಳಲು ಸಾಮಾನ್ಯವಾಗಿ ಆಗುವುದಿಲ್ಲ.

ಹಾಗಾಗಿ ಎರಡನ್ನೂ ಇಟ್ಟುಕೊಳ್ಳುವುದು ಎಂದು ತೀರ್ಮಾನ ಮಾಡಿದೆ. ಮನೆಯಲ್ಲಿ ಎಲ್ಲ ಸರಿ ಇದ್ದಾಗ ಮೆಷಿನ್ ಎತ್ತಬೇಕು. ಕರೆಂಟ್ ಹೋದಾಗ, ನೆಟ್ ಹೋದಾಗ, ಲೈನ್ ಬಿಡುವಿಲ್ಲದಾಗ ವಾಯ್ಸ್‌ಮೇಲ್ ಎತ್ತಬೇಕು. ಹೇಳುವುದಕ್ಕೆ ಸುಲಭ. ಕೆಲಸ ಇರುವುದು ಸಮಯ ಹೊಂದಿಸುವುದರಲ್ಲಿ.

ಮೆಷಿನ್ ಲೆಕ್ಕ ಇಡುವುದು ರಿಂಗ್‌ನಲ್ಲಿ, ವಾಯ್ಸ್‌ಮೇಲ್ ಲೆಕ್ಕ ಇಡುವುದು ಸೆಕೆಂಡ್‌ನಲ್ಲಿ. ಒಂದು ರಿಂಗ್ ಎಂದರೆ ಎಷ್ಟು ಸೆಕೆಂಡ್ ಅನ್ನುವುದು ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ ಪದ್ಧತಿಯಲ್ಲಿ 2 ಸೆಕೆಂಡ್ ರಿಂಗ್, 4 ಸೆಕೆಂಡ್ ಮೌನ, ಸುತ್ತಿಗೆ 6 ಸೆಕೆಂಡ್. ಬ್ರಿಟನ್ ಪದ್ಧತಿಯಲ್ಲಿ ಎರಡು ಚುಟುಕು ರಿಂಗ್, ಆಮೇಲೆ 2 ಸೆಕೆಂಡ್ ಮೌನ, ಸುತ್ತಿಗೆ 3 ಸೆಕೆಂಡ್. ಇಂಟರ್ನೆಟ್ ಫೋನ್‌ನಲ್ಲಿ ಮನೆಯ ರಿಂಗ್ ಕೊಡುವುದು ಅಡಾಪ್ಟರ್. ಅದರ ಸೆಟ್ಟಿಂಗ್‌ನಲ್ಲಿ ಯಾವ ಪದ್ಧತಿ ಇದೆಯೋ ಅದೇ ಲೆಕ್ಕ. ನಮ್ಮದರಲ್ಲಿ 6 ಸೆಕೆಂಡ್ ಸುತ್ತು ಇತ್ತು. ಮೆಷಿನ್ 4ನೇ ರಿಂಗ್‌ಗೆ ಎತ್ತುವ ಹೊತ್ತಿಗೆ 20 ಸೆಕೆಂಡ್ ಹತ್ತಿರ ಬರುತ್ತದೆ. ಕಂಪನಿಯ ವಾಯ್ಸ್‌ಮೇಲ್ ಕೂಡ ಹೆಚ್ಚುಕಡಿಮೆ ಅದೇ ಹೊತ್ತಿಗೆ ಎತ್ತಲು ಇಟ್ಟಿದ್ದರು. ಯಾವುದು ಮೊದಲು ಎತ್ತುತ್ತದೋ ಹೇಳಲು ಬರುತ್ತಿರಲಿಲ್ಲ. ಮೆಸೇಜುಗಳು ಎರಡು ಕಡೆ ಹಂಚಿಹೋದರೆ ಇಡೀ ಏರ್ಪಾಡೇ ವ್ಯರ್ಥ, ಅಲ್ವಾ? ಕಂಪನಿಯ ಖಾತೆಯ ಪುಟದಲ್ಲಿ ಈ ಸಮಯ ಬದಲಾಯಿಸಬಹುದಿತ್ತು. ವಾಯ್ಸ್‌ಮೇಲ್ ಅನ್ನು 40 ಸೆಕೆಂಡ್‌ಗೆ ತಳ್ಳಿದೆ, ಮೆಷಿನ್ 4 ರಿಂಗ್‌ನಲ್ಲೇ ಇರಲಿ ಎಂದು ಬಿಟ್ಟೆ. ನಡುವೆ ಬೇಕಾದಷ್ಟು ಅಂತರ ಸಿಕ್ಕಿತು.

ಕಂಪನಿ ಸಮಯ ಬದಲಾಯಿಸಲು ಬಿಡದಿದ್ದರೆ ಮೆಷಿನ್ ಅನ್ನೇ 2 ರಿಂಗ್‌ಗೆ ಇಳಿಸಬೇಕಾಗುತ್ತದೆ. ನಿಧಾನವಾಗಿ ನಡೆದು ಬರುವವರಿಗೆ ಅದು ಸಾಲದು. ಹಾಗಾಗಿ ಕನೆಕ್ಷನ್ ತೆಗೆದುಕೊಳ್ಳುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಇದು ಸರಿಹೋದ ಮೇಲೆ ಇನ್ನೊಂದು ಎದುರಾಯಿತು. ಮೆಷಿನ್‌ನಲ್ಲಿ ಪ್ರತಿ ಮೆಸೇಜಿನ ಕೊನೆಗೆ ಉದ್ದಕ್ಕೆ ಕೂಂ ಕೂಂ ಎನ್ನುವ ಟೋನ್ ತುಂಬಿಕೊಳ್ಳುತ್ತಿತ್ತು. ಇದರ ಕಾರಣ ತಿಳಿದಾಗ ಹಳೆಯ ಲೈನ್‌ಗಳ ಬಗ್ಗೆ ಗೌರವ ಹೆಚ್ಚಾಯಿತು. ಹಳೆಯ ಲೈನ್‌ನಲ್ಲಿ ಆ ಕಡೆಯವರು ಫೋನ್ ಇಟ್ಟ ಮೇಲೆ ಎಕ್ಸ್‌ಚೇಂಜ್ ಲೈನಿನ ಕರೆಂಟನ್ನು ಒಂದು ಕ್ಷಣ ಕಡಿಯುತ್ತದೆ. ಮೆಷಿನ್‌ಗೆ ಅದೇ ಸೂಚನೆ: ಮಾತು ಮುಗಿಯಿತು, ರೆಕಾರ್ಡಿಂಗ್ ನಿಲ್ಲಿಸು. ಅಡಾಪ್ಟರ್ ಕೂಡ ಇದೇ ರೀತಿ ಕಡಿದು ತೋರಿಸಬೇಕು. ಕೆಲವು ಅಡಾಪ್ಟರ್‌ಗಳಲ್ಲಿ ಈ ಸೌಲಭ್ಯ ಇದ್ದರೂ ಮೊದಲಿಗೆ ಮುಚ್ಚಿರುತ್ತದೆ. ಸೆಟ್ಟಿಂಗ್ ಪುಟದಲ್ಲಿ ಸಿಪಿಸಿ ಎಂಬ ಹೆಸರಿನಲ್ಲಿ ಸಿಗುತ್ತದೆ. ಅದನ್ನು ಅರ್ಧ ಸೆಕೆಂಡ್‌ಗೆ ಇಟ್ಟೆ, ಟೋನ್ ನಿಂತಿತು. ಮೆಷಿನ್‌ನಲ್ಲಿ ಇರುವುದು ಕೆಲವೇ ನಿಮಿಷಗಳ ಜಾಗ. 15ರಿಂದ 40 ನಿಮಿಷ ಇರುವುದು ಸಾಮಾನ್ಯ. ಅದರಲ್ಲಿ ಅರ್ಧ ಬರೀ ಟೋನ್ ತುಂಬಿಕೊಂಡರೆ ಬೇಕಾದ ಮಾತಿಗೆ ಜಾಗ ಎಲ್ಲಿ?

ಹೊರಗಿನಿಂದ ಕರೆ ಮಾಡಿ, ಅಂಕಿಗಳನ್ನು ಒತ್ತಿ ಮೆಷಿನ್‌ನ ಮೆಸೇಜು ಕೇಳುವ ಸೌಲಭ್ಯವೂ ಇದೆ. ಇಂಟರ್ನೆಟ್ ಲೈನ್‌ನಲ್ಲಿ ಇದು ಕೈಕೊಡಬಹುದು. ಜಿ.729 ಎಂಬ ಕೋಡೆಕ್, ಅಂದರೆ ದನಿಯನ್ನು ನೆಟ್‌ನಲ್ಲಿ ಕಳಿಸಲು ಡಿಜಿಟಲ್ ರೂಪಕ್ಕೆ ತರುವ ವಿಧಾನ, ಅದನ್ನು ಸೆಕೆಂಡ್‌ಗೆ 8 ಕಿಲೋಬಿಟ್‌ಗೆ ಹಿಂಡುತ್ತದೆ. ಮನುಷ್ಯರ ಮಾತಿಗೆ ಅದು ಸಾಕು, ಗುಂಡಿ ಒತ್ತಿದ ಟೋನ್ ಮಾತ್ರ ಕೆಡುತ್ತದೆ. ಜಿ.711ರಲ್ಲಿ 64 ಕಿಲೋಬಿಟ್, ಟೋನ್ ನೆಟ್ಟಗೆ ಬರುತ್ತದೆ. ಅಡಾಪ್ಟರ್‌ನಲ್ಲಿ ಇದನ್ನೇ ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳಿ.

ವಾಯ್ಸ್‌ಮೇಲ್ ಪಾಲಿಗೆ ಮಾಡಬೇಕಾದ್ದು ಕಡಿಮೆ. ಮೆಸೇಜು ಇಮೇಲ್‌ಗೆ ಬರುವಂತೆ ಇಟ್ಟೆ. ದನಿ ಫೈಲ್ ಜೊತೆಗೇ ಬರುತ್ತದೆ. ಹಿಂಡದ ವೇವ್ ಫೈಲ್ ಆದರೆ ನಿಮಿಷಕ್ಕೆ ಸುಮಾರು 1 ಎಂಬಿ, ತೊಂದರೆ ಏನಿಲ್ಲ. ಅತ್ತೆಯವರಿಗೆ ಬಂದದ್ದಾದರೆ ಸಂಜೆ ಮೊಬೈಲ್‌ನಲ್ಲೇ ಅವರಿಗೆ ಕೇಳಿಸುತ್ತೇನೆ. ಮುಖ್ಯವಾದ ಮೆಸೇಜುಗಳನ್ನು ಆ ಇಮೇಲ್‌ನಿಂದ ತೆಗೆದು ಬೇರೆ ಕಡೆ ಇಡುತ್ತೇನೆ. ಸರ್ವರ್‌ನಲ್ಲಿ ಇರುವುದು ಕಂಪನಿ ಇಟ್ಟುಕೊಳ್ಳುವಷ್ಟು ದಿನ ಮಾತ್ರ, ಕಂಪನಿ ಬದಲಾಯಿಸಿದರೆ ಜೊತೆಗೆ ಬರುವುದಿಲ್ಲ.

ಪಿನ್ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಬ್ರಿಟನ್ನಿನ ನ್ಯೂಸ್ ಆಫ್ ದ ವರ್ಲ್ಡ್ ಪತ್ರಿಕೆ 2011ರಲ್ಲಿ ಮುಚ್ಚಿದ್ದು ಇಂಥದ್ದೇ ಹಗರಣದಿಂದ. ಆ ಪತ್ರಿಕೆಗಾಗಿ ಬೇರೆಯವರ ಮೊಬೈಲ್ ವಾಯ್ಸ್‌ಮೇಲ್‌ಗಳನ್ನು ಕದ್ದು ಕೇಳಲಾಗಿತ್ತು. ಕಂಪನಿ ಕೊಟ್ಟ ಪಿನ್ ಅನ್ನು ಜನ ಬದಲಾಯಿಸದೆ ಬಿಟ್ಟದ್ದು ಕದಿಯುವವರಿಗೆ ದಾರಿಯಾಯಿತು. ಮನೆಯ ಮೆಷಿನ್ ಕ್ಷೇಮ ಎಂದು ಸುಮ್ಮನಿರುವಂತೆಯೂ ಇಲ್ಲ. ಹೊರಗಿನಿಂದ ಕೇಳುವ ಕೋಡ್ ಹಲವು ಮೆಷಿನ್‌ಗಳಲ್ಲಿ ಎರಡೋ ಮೂರೋ ಅಂಕಿ. ಊಹಿಸುವುದು ಕಷ್ಟವೇ ಅಲ್ಲ. ಎರಡರ ಕೋಡ್‌ಗಳನ್ನೂ ಮೊದಲ ದಿನವೇ ಬದಲಾಯಿಸಿದೆ.

ಎಲ್ಲ ಮನೆಗೂ ಎರಡೂ ಬೇಕು ಎಂದು ನಾನು ಹೇಳುವುದಿಲ್ಲ. ಒಬ್ಬರೇ ಇರುವ ಮನೆ, ಮೊಬೈಲ್ ಸದಾ ಕೈಯಲ್ಲಿ, ಊರೂರು ತಿರುಗುವ ಕೆಲಸ ಎಂದಾದರೆ ವಾಯ್ಸ್‌ಮೇಲ್ ಸಾಕು, ಮೆಷಿನ್‌ಗೆ ದುಡ್ಡು ಹಾಕಬೇಡಿ. ಫೋನ್ ಕೇಳುವವರು ಮನೆಯಲ್ಲೇ ಇರುವ ಹಿರಿಯರು ಎಂದಾದರೆ ಮೆಷಿನ್ ಬಿಡಬೇಡಿ. ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್ ಉಕ್ಕಿನ ತಂತಿಯ ಮೇಲೆ ದನಿ ಹಿಡಿಯುವ ಯಂತ್ರ ಮಾಡಿದ್ದು 1898ರಲ್ಲಿ. ಫೋನ್ ಹತ್ತಿರ ಯಾರೂ ಇಲ್ಲದಾಗ ಬಂದ ಮಾತು ಕಳೆದುಹೋಗಬಾರದು ಎನ್ನುವುದು ಅವರ ಆಸೆಯಾಗಿತ್ತು. ಮೇಜಿನ ಮೇಲೆ ದೀಪ ಮಿನುಗಿಸುವ ಪುಟ್ಟ ಪೆಟ್ಟಿಗೆ ಆ ಕೆಲಸವನ್ನು ಇವತ್ತಿಗೂ ಚೆನ್ನಾಗಿಯೇ ಮಾಡುತ್ತಿದೆ.

ಎರಡನ್ನೂ ಇಡುವವರಿಗೆ ಒಂದು ಮಾತು. ಕರೆ ಮಾಡಿದವರಿಗೆ ಕೇಳುವ ಸ್ವಾಗತದ ಮಾತನ್ನು ಎರಡರಲ್ಲೂ ಒಂದೇ ಥರ ಇಡಬೇಡಿ. ನಮ್ಮ ಮೆಷಿನ್‌ನಲ್ಲಿ ಅತ್ತೆಯವರ ದನಿ ಇದೆ, ವಾಯ್ಸ್‌ಮೇಲ್‌ನಲ್ಲಿ ನನ್ನದು. ಆಚೆ ಹೋದಾಗ ಆಗಾಗ ಮನೆಗೆ ಒಂದು ಕರೆ ಮಾಡುತ್ತೇನೆ. ಯಾರೂ ಎತ್ತದೆ ಅತ್ತೆಯವರ ದನಿ ಬಂದರೆ ಎಲ್ಲ ಸರಿ ಇದೆ. ರಿಂಗ್ ಆಗುವ ಮೊದಲೇ ನನ್ನ ದನಿ ಬಂದರೆ ಅತ್ತೆಯವರು ಇನ್ನೊಬ್ಬರ ಜೊತೆ ಮಾತಾಡುತ್ತಿರಬೇಕು. ಸ್ವಲ್ಪ ಹೊತ್ತು ಬಿಟ್ಟು ಮಾಡಿದಾಗಲೂ ಅದೇ ಬಂದರೆ ಕರೆಂಟೋ ನೆಟ್ಟೋ ಹೋಗಿದೆ ಎಂದು ಗೊತ್ತಾಗುತ್ತದೆ. ಆಗ ಅವರ ಮೊಬೈಲ್‌ಗೆ ಮಾಡಿ, ರೌಟರ್ ಒಮ್ಮೆ ಆರಿಸಿ ಹಾಕಲು ಹೇಳುತ್ತೇನೆ.