ಸೀಟಿ ಹೊಡೆಯದ ಕ್ರಾಸ್‌ಬಾರ್ ಆರಿಸುವುದು ಹೇಗೆ?

ವರ್ಷಕ್ಕೆ ನಾಲ್ಕೈದು ಸಲ ಏಣಿನೋ ಪೈಪೋ ಹೊರಲು ಎಸ್‌ಯುವಿ ಮೇಲೆ ಕ್ರಾಸ್‌ಬಾರ್ (ಛಾವಣಿಗೆ ಅಡ್ಡಲಾಗಿ ಕೂರಿಸುವ ಕಂಬಿ) ಬೇಕಾ? ಮೊದಲು ಆಕಾರ ನೋಡಿ. ಚೌಕದ್ದು ಅಗ್ಗ, ಗಟ್ಟಿ, ಆದರೆ ಸದ್ದು ಜಾಸ್ತಿ. ನಾನು ಮೊದಲು ಹಾಕಿಸಿದ್ದು ಅದನ್ನೇ. ಹಾಸನ ಬಿಟ್ಟು ಬೆಂಗಳೂರು ಹೈವೇಯಲ್ಲಿ 80 ಮುಟ್ಟಿದ್ದೇ ತಡ, ತಲೆ ಮೇಲೆ ಯಾರೋ ಸೀಟಿ ಊದಿದ ಹಾಗೆ, ಚನ್ನರಾಯಪಟ್ಟಣ ಬರುವಷ್ಟರಲ್ಲಿ ಹಾಡು ಆಫ್ ಮಾಡಿದ್ದೆ.

ವಿಮಾನದ ರೆಕ್ಕೆಯ ಹಾಗೆ ಮುಂದೆ ದುಂಡಗೆ, ಹಿಂದೆ ತೆಳ್ಳಗಿರುವ ಅಲ್ಯೂಮಿನಿಯಂ ಬಾರ್ ತಗೊಳ್ಳಿ. ಕೂರಿಸುವಾಗ ದಪ್ಪ ಅಂಚು ಮುಂದಕ್ಕೇ ಇರಲಿ. ಮೇಲಿನ ಸೀಳಿಗೆ ಕೊಡುವ ರಬ್ಬರ್ ಪಟ್ಟಿ, ತುದಿಯ ಮುಚ್ಚಳ ಎರಡನ್ನೂ ಹಾಕಿ. ತೆರೆದ ತೂತಿಗೆ ಗಾಳಿ ಬಿದ್ದರೆ ಕೊಳಲೇ ಅಲ್ವಾ?

ಕೊಳ್ಳುವ ಮೊದಲು ರೂಫ್ ರೇಲ್ (ಛಾವಣಿಯ ಎರಡೂ ಬದಿ ಉದ್ದಕ್ಕೆ ಇರುವ ಕಂಬಿ) ಕೆಳಗೆ ಬೆರಳು ತೂರುತ್ತದಾ ನೋಡಿ. ಸಂದಿ ಇದ್ದರೆ ಒಂದು ಥರದ ಕ್ಲ್ಯಾಂಪ್, ಇಲ್ಲದಿದ್ದರೆ ಬೇರೆ. ಭಾರದ ಮಿತಿ ಕಾರಿನ ಮ್ಯಾನುಯಲ್‌ನಲ್ಲಿರುತ್ತದೆ, ಬಾರ್‌ನ ತೂಕವನ್ನೂ ಸೇರಿಸಿ ಲೆಕ್ಕ ಹಾಕಿ. 50 ಕೆಜಿಯ ಎರಡು ಕಾಫಿ ಮೂಟೆ ಸುಮ್ನೆ ಮೇಲೆ ಹಾಕಬೇಡಿ.

ಕಟ್ಟುವ ಪಟ್ಟಿಗೆ ಒಂದೆರಡು ತಿರುವು ಕೊಟ್ಟು ಬಿಗಿದರೆ ಅದರ ಗುಂಯ್ ಸದ್ದು ತಗ್ಗುತ್ತದೆ. ಕೆಲಸ ಮುಗಿದ ಮೇಲೆ ಬಾರ್ ಬಿಚ್ಚಿಡಿ. ಅದಕ್ಕೇ ಬೇಗ ಬಿಚ್ಚಲು ಬರುವಂಥದ್ದನ್ನೇ ಕೇಳಿ.