ಮಗುವಿನ ಒಂದೊಂದೇ ಕಣ್ಣು ಮುಚ್ಚಿ ನೋಡಿ

ಕಲಬುರಗಿಯ ಅಪ್ಪ-ಅಮ್ಮಂದಿರೇ, ಇವತ್ತೇ ಮಗುವಿನ ಒಂದು ಕಣ್ಣು ಅಂಗೈಯಿಂದ ಮುಚ್ಚಿ, ದೂರದ ಗೋಡೆಯ ಕ್ಯಾಲೆಂಡರ್ ಓದಿಸಿ. ಆಮೇಲೆ ಇನ್ನೊಂದು ಕಣ್ಣು. ತಡವರಿಸಿದರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಎರಡೂ ತೆರೆದಿದ್ದಾಗ ಒಳ್ಳೆಯ ಕಣ್ಣೇ ಎಲ್ಲ ಕೆಲಸ ಮಾಡುತ್ತದೆ, ಮಗುವಿಗೇ ಗೊತ್ತಾಗುವುದಿಲ್ಲ. ನನ್ನ ಮಗಳದ್ದೂ ಹೀಗೇ, ಎರಡನೇ ಕ್ಲಾಸಿನವರೆಗೆ ತಿಳಿಯಲೇ ಇಲ್ಲ.

ಮೆಳ್ಳೆಗಣ್ಣು ಅದೃಷ್ಟ ಅಂತಾರಲ್ವಾ? ದಯವಿಟ್ಟು ಸುಮ್ನೆ ಕಾಯಬೇಡಿ. ಓರೆಯಾದ ಕಣ್ಣು ಕಂಡದ್ದನ್ನು ಮೆದುಳು ಬಿಟ್ಟುಬಿಡುತ್ತದೆ, ಬರಬರುತ್ತ ನೋಟವೇ ಮಂದವಾಗುತ್ತದೆ. 7-8 ವರ್ಷದೊಳಗೆ ಹಿಡಿದರೆ ಕನ್ನಡಕ ಹಾಕಿ, ಒಳ್ಳೆಯ ಕಣ್ಣಿಗೆ ದಿನಾ ಸ್ವಲ್ಪ ಹೊತ್ತು ಪಟ್ಟಿ ಕಟ್ಟಿಸಿ ಸುಧಾರಿಸಬಹುದು. ಕೆಲವರಿಗೆ ಆಪರೇಷನ್ ಬೇಕಾಗುತ್ತದೆ. ಕನ್ನಡಕದಿಂದ ನಂಬರ್ ಜಾಸ್ತಿ ಆಗುವುದಿಲ್ಲ.

ಸರ್ಕಾರಿ ಶಾಲೆಗೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡ ಬಂದ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ತಪಾಸಣೆ ಉಚಿತ.